ಮಲೇಷ್ಯಾದಲ್ಲಿ ರಸ್ತೆ ಬದಿ ಮಾರುವ ಮನೆತಿಂಡಿಗಳನ್ನು ಸಸ್ಯಾಹಾರಿಗಳು ತಿನ್ನಬಹುದೇ?

ಖಂಡಿತ ತಿನ್ನಬಹುದು. ತಿನ್ನದೆ ವಾಪಸ್ ಬರಬೇಡಿ ಅಂತಲೇ ಹೇಳುತ್ತೇನೆ. ಹೊಟ್ಟೆ ಕೆಟ್ಟೀತೇ, ಗೊತ್ತಿಲ್ಲದೆ ಮೀನು ಬಾಯಿಗೆ ಹೋದೀತೇ ಅನ್ನುವ ಎರಡೂ ಭಯ ನಿಮಗಿದೆ. ಕ್ವಾಲಾಲಂಪುರದ ಪಕ್ಕದ ಪೆಟಾಲಿಂಗ್ ಜಯದಲ್ಲಿ ಕೆಲವು ವರ್ಷ ಇದ್ದವಳು ನಾನು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿ ನನ್ನ ಬೆಳಗಿನ ತಿಂಡಿ ಹೆಚ್ಚಾಗಿ ಇಂಥ ಮೇಜುಗಳಿಂದಲೇ ಬರುತ್ತಿತ್ತು.

ಬೆಳಿಗ್ಗೆ ಏಳರ ಹೊತ್ತಿಗೆ ವಸತಿ ಬಡಾವಣೆಗಳ ರಸ್ತೆ ತಿರುವಿನಲ್ಲಿ, ಒಂದು ಛತ್ರಿ, ಮಡಚುವ ಮೇಜು, ಮೇಲೆ ಸಾಲು ಸಾಲು ತಟ್ಟೆ. ಆ ಪುಟ್ಟ ತಿಂಡಿಗಳಿಗೆಲ್ಲ ಒಟ್ಟಾಗಿ 'ಕುಯಿ' ಅನ್ನುತ್ತಾರೆ. ಮಾರುವ ಹೆಂಗಸನ್ನು 'ಕಾಕ್' ಅಂತ ಕರೆಯಿರಿ, ಅಕ್ಕ ಅಂದ ಹಾಗೆ. ವಯಸ್ಸಾದವರಾದರೆ 'ಮಕ್‌ಚಿಕ್'.

ಮೊದಲು ಕೊಳ್ಳಬೇಕಾದದ್ದು ಪುಲುತ್ ಇಂತಿ. ಅಂಟು ಅಕ್ಕಿಯನ್ನು ತೆಂಗಿನಹಾಲು, ಉಪ್ಪು ಹಾಕಿ ಹಬೆಯಲ್ಲಿ ಬೇಯಿಸಿ, ಮೇಲೆ ಕಾಯಿಹೂರಣ ಇಟ್ಟು ಬಾಳೆಲೆಯಲ್ಲಿ ಗೋಪುರದ ಹಾಗೆ ಮಡಚಿರುತ್ತಾರೆ. ಅನ್ನದ ನೀಲಿ ಬಣ್ಣ ಶಂಖಪುಷ್ಪದ್ದು. ನಮ್ಮ ಗಣೇಶ ಹಬ್ಬದ ಕಡುಬಿನ ಹೂರಣ ನೆನಪಾಗದೆ ಇರದು, ಆದರೆ ಇಲ್ಲಿನ ಗುಲಾ ಮಲಾಕ, ಅಂದರೆ ತೆಂಗಿನ ಮರದ ನೀರಾದಿಂದ ಕಾಸಿದ ಬೆಲ್ಲ, ಕಬ್ಬಿನ ಬೆಲ್ಲಕ್ಕಿಂತ ಗಾಢ, ಸ್ವಲ್ಪ ಹೊಗೆಯ ರುಚಿಯದು. ಆಮೇಲೆ ಒಂಡೆ ಒಂಡೆ: ಪಾಂಡನ್ ಎಲೆಯ ರಸದಿಂದ ಹಸಿರಾದ ಉಂಡೆ, ಮೇಲೆ ತುರಿದ ಕಾಯಿ, ಒಳಗೆ ಕರಗಿದ ಬೆಲ್ಲ. ಪೂರ್ತಿ ಬಾಯಿಗೆ ಹಾಕಿಕೊಂಡು ತುಟಿ ಮುಚ್ಚಿಯೇ ಕಚ್ಚಿ, ಇಲ್ಲದಿದ್ದರೆ ಬೆಲ್ಲ ಅಂಗಿಗೆ ಚಿಮ್ಮುತ್ತದೆ. ಪದರ ಪದರವಾಗಿ ಬೇಯಿಸಿದ ಕುಯಿ ಲಾಪಿಸ್ ಕೂಡ ಮೊಟ್ಟೆಯಿಲ್ಲದ್ದು. ಮಕ್ಕಳಿಗೆ ಅದೇ ಇಷ್ಟವಾಗುತ್ತದೆ, ನನಗೆ ಅಷ್ಟಕ್ಕಷ್ಟೆ.

ಹೊಟ್ಟೆಯ ವಿಷಯಕ್ಕೆ ಬಂದರೆ, ಬಹುಪಾಲು ಕುಯಿಗಳ ಜೀವ ತೆಂಗಿನಹಾಲು, ಅದರ ಶತ್ರು ಬಿಸಿಲು. ನಸುಕಿನಲ್ಲಿ ಬೇಯಿಸಿದ್ದು ಆ ಸೆಕೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗತೊಡಗುತ್ತದೆ. ಅದಕ್ಕೇ ನಾನು ಅಂಗಡಿಯ ಹೊಳಪು ನೋಡುವುದಿಲ್ಲ, ಗಡಿಯಾರ ನೋಡುತ್ತೇನೆ. ಎಂಟರ ಒಳಗೆ ಹೋಗಿ. ತಟ್ಟೆಗಳು ಬೇಗ ಖಾಲಿಯಾಗುವ ಮೇಜನ್ನು ಹುಡುಕಿ, ಮುಚ್ಚಳವಿದೆಯೇ, ಇಕ್ಕುಳದಲ್ಲಿ ಎತ್ತಿಕೊಡುತ್ತಾರೆಯೇ ನೋಡಿ. ಹನ್ನೊಂದರ ಮೇಲೆ ತಟ್ಟೆ ತುಂಬಿ ಕೂತಿದ್ದರೆ ಮುಂದೆ ನಡೆಯಿರಿ. ಮುರಿದಾಗ ಹುಳಿ ವಾಸನೆ ಬಂದರೆ, ಲೋಳೆ ಎಳೆ ಎದ್ದರೆ ಬಿಸಾಡಿ. ಫ್ರಿಜ್ಜಿನಲ್ಲಿಟ್ಟು ಮಾರನೇ ದಿನಕ್ಕೆ ಉಳಿಸಬೇಡಿ, ಅಂಟು ಅಕ್ಕಿ ಕಲ್ಲಾಗುತ್ತದೆ.

ಇನ್ನು ಮೀನು. 'ಮಾಂಸ ತಿನ್ನುವುದಿಲ್ಲ' ಅಂತ ಮಾತ್ರ ಹೇಳಿದರೆ ಸಾಲದು, ಒಣಮೀನು, ಸಿಗಡಿ ಅವರ ಲೆಕ್ಕದಲ್ಲಿ ಮಾಂಸವಾಗದೆ ಇರಬಹುದು. ಒಂದೊಂದನ್ನೂ ಹೆಸರಿಟ್ಟು ಕೇಳಿ: 'ಅದಾ ಇಕಾನ್?' ಮೀನಿದೆಯೇ, 'ಅದಾ ಉದಾಂಗ್?' ಸಿಗಡಿ ಇದೆಯೇ, 'ಅದಾ ತೆಲೂರ್?' ಮೊಟ್ಟೆ ಇದೆಯೇ. ಮನೆಯಲ್ಲಿ ತಾವೇ ಮಾಡಿದ್ದಾದ್ದರಿಂದ ಅವರಿಗೆ ಒಳಗೇನಿದೆ ಎಂದು ಸರಿಯಾಗಿ ಗೊತ್ತಿರುತ್ತದೆ. ಕೇಳಿದ್ದಕ್ಕೆ ಯಾರೂ ನನ್ನ ಮೇಲೆ ರೇಗಿಲ್ಲ. ಪಕ್ಕದಲ್ಲೇ ಇರುವ, ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನವಾದ ನಾಸಿ ಲೆಮಾಕ್‌ನ ಖಾರದ ಗೊಜ್ಜಾದ ಸಾಂಬಾಲ್‌ನಲ್ಲಿ ಸಾಮಾನ್ಯವಾಗಿ ಒಣಮೀನೂ ಬೆಲಚಾನ್ ಎಂಬ ಸಿಗಡಿ ಮುದ್ದೆಯೂ ಇರುತ್ತವೆ, ಅದನ್ನು ಬಿಟ್ಟುಬಿಡಿ. ಕರಿಪಾಪ್ ಅನ್ನುವ ಕರಿದ ಕಡುಬಿನ ಒಳಗೆ ಆಲೂಗಡ್ಡೆ ಕಂಡರೂ ಜೊತೆಗೆ ಕೋಳಿ ಇರಬಹುದು. ಸೆರಿ ಮುಕ ಅಂದರೆ ಅಂಟು ಅಕ್ಕಿಯ ಮೇಲೆ ಹಸಿರು ಪದರವಿರುವ ಕುಯಿ, ಆ ಪದರದಲ್ಲಿ ಸಾಮಾನ್ಯವಾಗಿ ಮೊಟ್ಟೆಯಿರುತ್ತದೆ. ಬಾಳೆಹಣ್ಣಿನ ಬಜ್ಜಿ, ಅಂದರೆ ಪಿಸಾಂಗ್ ಗೊರೆಂಗ್, ನಿಶ್ಚಿಂತೆಯದು ಅನ್ನಿಸಿದರೂ ಅದೇ ಎಣ್ಣೆಯಲ್ಲಿ ಸಿಗಡಿ ವಡೆ ಕರಿಯುತ್ತಾರೆಯೇ ಗಮನಿಸಿ.

ರಂಜಾನ್ ತಿಂಗಳಲ್ಲಿ ಹೋಗುವಿರಾದರೆ ಬೆಳಗಿನ ಮಲಯ್ ಮೇಜುಗಳು ಹೆಚ್ಚಿನವು ಇರುವುದಿಲ್ಲ. ಅವೆಲ್ಲ ಮಧ್ಯಾಹ್ನದ ನಂತರ ರಂಜಾನ್ ಬಜಾರಿನಲ್ಲಿ ಸಿಗುತ್ತವೆ, ಉಪವಾಸ ಬಿಡುವವರ ನೂಕುನುಗ್ಗಲು ಶುರುವಾಗುವ ಮುಂಚೆಯೇ ಹೋಗಿ. ಮಲಾಕ ಊರಿಗೂ ಹೋಗುವುದಿದ್ದರೆ ಒಂದು ಸಂಜೆ ತೆಂಗ್‌ಕೆರ ರಸ್ತೆಗೆ ಬಿಡುವು ಮಾಡಿಕೊಳ್ಳಿ. ಅಕ್ಕಿಹಿಟ್ಟಿನ ನಡುವೆ ಗುಲಾ ಮಲಾಕ ಇಟ್ಟು ಕಣ್ಣೆದುರೇ ಹಬೆಯಲ್ಲಿ ಬೇಯಿಸಿ, ಕಾಯಿತುರಿಯೊಂದಿಗೆ ಕೊಡುವ ಪುತು ಪಿರಿಂಗ್‌ಗೆ ಅಲ್ಲಿ ಸರದಿ ನಿಲ್ಲುತ್ತಾರೆ. ಮೊಟ್ಟೆ, ಮೀನು ಯಾವುದೂ ಇಲ್ಲ, ಬಿಸಿ ಬಿಸಿಯೇ ಕೈಗೆ ಬರುವುದರಿಂದ ಹಳಸಿದ್ದೆಂಬ ಅನುಮಾನವೂ ಬೇಡ.