ಬೇಳೆ ಬೇಯುವ ನೀರೆಲ್ಲ ಕುಡಿಯುವ ನೀರಲ್ಲ

ಚಿಂತಾಮಣಿ ತಾಲ್ಲೂಕಿನ ಓದುಗರೊಬ್ಬರು ಬರೆಯುತ್ತಾರೆ: "1,200 ಅಡಿ ಕೊರೆಸಿದ ಮೇಲೆ ನೀರು ಸಿಕ್ಕಿತು. ತಿಳಿಯಾಗಿದೆ, ರುಚಿಯಾಗಿದೆ, ಬೇಳೆ ಚೆನ್ನಾಗಿ ಬೇಯುತ್ತದೆ. ಆದರೂ ವರದಿಯಲ್ಲಿ ಫ್ಲೋರೈಡ್ ಲೀಟರಿಗೆ 2.8 ಮಿಲಿಗ್ರಾಂ ಎಂದಿದೆ. ಅಷ್ಟು ಆಳಕ್ಕೆ ಯಾವ ಕೊಳೆ ಇಳಿದೀತು? ಕುದಿಸಿ ಕುಡಿದರೆ ಸಾಲದೇ?"

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಂದೂ ಬರೆದಿದ್ದೀರಿ. ಹಾಗಾಗಿ ಕೊನೆಯ ಪ್ರಶ್ನೆಗೇ ಮೊದಲು ಉತ್ತರ: ಸಾಲದು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರಗಳಿಂದಲೂ ಉಪಯೋಗವಿಲ್ಲ. ನಮ್ಮ ದೇಶದ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ.

ಇನ್ನು ಕೊಳೆಯ ಮಾತು. ಫ್ಲೋರೈಡ್ ಮೇಲಿನಿಂದ ಇಳಿದದ್ದಲ್ಲ, ಕಲ್ಲಿನೊಳಗೇ ಇರುವಂಥದ್ದು. ನಿಮ್ಮ ಸೀಮೆಯ ನೆಲದಡಿ ಇರುವುದು ಗ್ರಾನೈಟ್, ನೈಸ್ ಶಿಲೆ. ಅದರಲ್ಲಿನ ಅಭ್ರಕ, ಅಪಟೈಟ್, ಫ್ಲೋರೈಟ್ ಮುಂತಾದ ಖನಿಜಗಳಲ್ಲಿ ಫ್ಲೋರೈಡ್ ಅಡಗಿರುತ್ತದೆ. ಹಿಂದಿನವರು ತೋಡಿದ ಬಾವಿಗಳು ಮೇಲಿನ ಶಿಥಿಲಗೊಂಡ ಕಲ್ಲಿನ ಪದರದಲ್ಲಿದ್ದವು. ಮಳೆ ಬಂದಾಗಲೆಲ್ಲ ಅಲ್ಲಿ ಹೊಸ ನೀರು ಸೇರುತ್ತಿತ್ತು. ಆ ಪದರ ಬತ್ತಿತೆಂದೇ ಬೋರ್‌ವೆಲ್ ಲಾರಿ ಬಂದದ್ದು. ಈಗ ಗಟ್ಟಿ ಕಲ್ಲು ಸಿಗುವವರೆಗೂ ಕೇಸಿಂಗ್ ಪೈಪು ಇಳಿಸಿ ಆ ಪದರವನ್ನು ಮುಚ್ಚಿಬಿಡುತ್ತೇವೆ. ಕೆಳಗಿನ ಬಿರುಕುಗಳಲ್ಲಿ ಸಿಗುವುದು ಬಹುಕಾಲ ಕಲ್ಲಿಗೆ ಅಂಟಿಕೊಂಡೇ ಇದ್ದ ಹಳೆಯ ನೀರು.

ಬೇಳೆ ಬೇಯುವುದಕ್ಕೂ ಕಾರಣವಿದೆ. ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದರೆ ಬೇಳೆ ಬೇಯದು, ಸೋಪು ನೊರೆ ಬಿಡದು. ಆದರೆ ಅದೇ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದು ತಳಕ್ಕಿಳಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಾ ಗುಣ ಹೆಚ್ಚಿದ ನೀರಿನಲ್ಲಿ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ನಾಲಿಗೆಗೂ ಪಾತ್ರೆಗೂ ಒಳ್ಳೆಯದೆನಿಸಿದ ನೀರು ಹಲ್ಲಿಗೆ, ಮೂಳೆಗೆ ಕೆಟ್ಟದ್ದಾಗುವುದು ಹೀಗೆ. ಹೊಸ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಪಟ್ಟಿ. ದಂತಕವಚ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ; ಬಿದ್ದ ಕಲೆ ತಾನಾಗಿ ಹೋಗುವುದಿಲ್ಲ. ಮೂಳೆಗೆ ತಗುಲಿದರೆ ಬೆನ್ನು, ಮಂಡಿ ಬಗ್ಗದಾಗುತ್ತವೆ. ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರಿನಲ್ಲಿ 1937ರಲ್ಲೇ ವೈದ್ಯರು ಗುರುತಿಸಿದ ಕಾಯಿಲೆಯಿದು. ಇಷ್ಟು ವರ್ಷಗಳಾದರೂ ನಮ್ಮ ಮಕ್ಕಳ ಹಲ್ಲಿನಲ್ಲಿ ಅದನ್ನು ಕಾಣುವುದು ನನಗೆ ಸಹಿಸಲಾಗದ ಸಂಗತಿ.

ಸದ್ಯಕ್ಕೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತನ್ನಿ. ಅನೇಕ ಮನೆಗಳಲ್ಲಿ ಕ್ಯಾನ್ ನೀರು ಕುಡಿಯಲು ಮಾತ್ರ. ಮುದ್ದೆಗೆ, ಸಾರಿಗೆ, ಅನ್ನಕ್ಕೆ ಬೋರ್ ನೀರೇ. ಹಾಗೆ ಮಾಡಿದರೆ ಫ್ಲೋರೈಡ್ ಊಟದ ಮೂಲಕ ಹೊಟ್ಟೆ ಸೇರುತ್ತದೆ. ಅಡುಗೆಗೂ ಒಳ್ಳೆಯ ನೀರೇ ಬೇಕು. ಮಕ್ಕಳಿಗೆ ಹಾಲು, ರಾಗಿ, ಸೊಪ್ಪು ತಪ್ಪಿಸಬೇಡಿ. ಕ್ಯಾಲ್ಸಿಯಂ ಕೊರತೆಯಿದ್ದ ಮೈಗೆ ಪೆಟ್ಟು ಜಾಸ್ತಿ. ಆರ್‌ಒ ಯಂತ್ರ ಶುದ್ಧ ನೀರನ್ನು ಬೇರ್ಪಡಿಸಿ ಹೊರಹಾಕುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರುತ್ತದೆ, ಅದನ್ನು ಹಳೆ ಬಾವಿಗೆ ಅಥವಾ ಇಂಗುಗುಂಡಿಗೆ ಬಿಡಲೇಬೇಡಿ.

ಘಟಕವನ್ನೇ ಶಾಶ್ವತವೆಂದು ನಾನು ಒಪ್ಪುವುದಿಲ್ಲ. ಐದು ಜನರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೂ ವರ್ಷಕ್ಕೆ 10 ಸಾವಿರ ಲೀಟರ್ ಒಳಗೇ. ನಿಮ್ಮ ಕಡೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಹಿಡಿದರೆ ಸಾವಿರ ಚದರಡಿ ತಾರಸಿಯ ಮೇಲೆ 60 ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಅದರಲ್ಲಿ ಕಲ್ಲಿನ ಫ್ಲೋರೈಡ್ ಇರುವುದಿಲ್ಲ. ಮೊದಲ ಮಳೆಯನ್ನು ಹೊರಗೆ ಹರಿಯಬಿಟ್ಟು, ಉಳಿದದ್ದನ್ನು ಸೋಸಿ, ಬೆಳಕು ಬೀಳದ ತೊಟ್ಟಿಯಲ್ಲಿ ತುಂಬಿ, ಕುದಿಸಿ ಕುಡಿಯಿರಿ. ಕುದಿಸುವುದಕ್ಕೆ ಅರ್ಥವಿರುವುದು ಈ ನೀರಿನಲ್ಲಿ.

ವರದಿಯ ಪ್ರತಿಯೊಂದನ್ನು ಗ್ರಾಮ ಪಂಚಾಯಿತಿಗೆ ಕೊಡಿ. ಶಾಲೆ, ಅಂಗನವಾಡಿಗೆ ಯಾವ ಬೋರಿನ ನೀರು ಹೋಗುತ್ತಿದೆ, ಅದನ್ನು ಪರೀಕ್ಷಿಸಿದ್ದಾರೆಯೇ ಎಂದು ಲಿಖಿತವಾಗಿ ಕೇಳಿ. ಬಂದ ಉತ್ತರವನ್ನು ನಮಗೂ ಕಳುಹಿಸಿ, ಪ್ರಕಟಿಸುತ್ತೇವೆ.

– ಸಂಪಾದಕ