ಫಂಕ್ಷನ್ ತಪ್ಪಾಗಿ ಕರೆದರೆ ಭಾಷೆ ಸುಮ್ಮನಿರಬಹುದೇ?

ಪ್ರಶ್ನೆ: ಸರ್, ಕಾಲೇಜಿನಲ್ಲಿ ಪೈಥಾನ್ ಕಲಿತೆ, ಈಗ ಕೆಲಸ ಜಾವಾಸ್ಕ್ರಿಪ್ಟ್‌ನಲ್ಲಿ. ಬೆಲೆ, ಎಣಿಕೆ, ತೆರಿಗೆ ಅಂತ ಮೂರು ಆರ್ಗ್ಯುಮೆಂಟ್ ಬೇಕಿದ್ದ ಫಂಕ್ಷನ್‌ಗೆ ಎರಡನ್ನೇ ಕೊಟ್ಟಿದ್ದೆ. ಎರರ್ ಬರಲೇ ಇಲ್ಲ. ಬಿಲ್ಲಿನಲ್ಲಿ ಮೊತ್ತದ ಜಾಗಕ್ಕೆ ‘ನ್ಯಾನ್’ (NaN, ಅಂದರೆ ಸಂಖ್ಯೆಯೇ ಅಲ್ಲ) ಬಂತು. ಭಾಷೆಯೇ ಇದನ್ನು ಹಿಡಿಯಬೇಕಿತ್ತಲ್ವಾ? ಎಷ್ಟು ಬಿಗಿ ಇದ್ದರೆ ಸರಿ?
– ಓದುಗರು, ಹುಬ್ಬಳ್ಳಿ

ಉತ್ತರ: ಹಿಡಿಯಬೇಕಿತ್ತು, ನಿಮ್ಮ ಸಿಟ್ಟು ನ್ಯಾಯವಾದದ್ದೇ. ನೀವು ಕೊಡದ ತೆರಿಗೆಯನ್ನು ಜಾವಾಸ್ಕ್ರಿಪ್ಟ್ ‘ಅನ್‌ಡಿಫೈನ್ಡ್’ ಎಂದುಕೊಂಡಿತು. ಅದರಿಂದ ಗುಣಿಸಿದಾಗ ನ್ಯಾನ್ ಹುಟ್ಟಿತು. ಅದಕ್ಕೆ ಏನು ಕೂಡಿಸಿದರೂ ಮತ್ತೆ ನ್ಯಾನೇ. ತಪ್ಪಾಗಿದ್ದು ಒಂದು ಸಾಲಿನಲ್ಲಿ, ನೀವು ಹುಡುಕಿದ್ದು ಬಿಲ್ ಪ್ರಿಂಟ್ ಮಾಡುವ ಸಾಲಿನಲ್ಲಿ, ಅಲ್ವಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಪೈಥಾನ್ ಆಗಿದ್ದರೆ ಕರೆದ ಸಾಲಿನಲ್ಲೇ ಟೈಪ್‌ಎರರ್ ಕೊಟ್ಟು ನಿಲ್ಲುತ್ತಿತ್ತು. ಅದೂ ಆ ಸಾಲು ಓಡಿದಾಗ ಮಾತ್ರ. ಜಾವಾದಲ್ಲಾದರೆ ಪ್ರೋಗ್ರಾಂ ಕಂಪೈಲೇ ಆಗುತ್ತಿರಲಿಲ್ಲ. ನನ್ನ ಮಟ್ಟಿಗೆ, ಎಷ್ಟು ಬಿಗಿ ಎನ್ನುವುದಕ್ಕಿಂತ ತಪ್ಪನ್ನು ಎಷ್ಟು ಬೇಗ, ಎಲ್ಲಿ ಹೇಳುತ್ತದೆ ಎನ್ನುವುದೇ ದೊಡ್ಡದು.

ಹಾಗಂತ ಜಾವಾಸ್ಕ್ರಿಪ್ಟ್‌ನ ಸಡಿಲತನ ಸುಮ್ನೆ ಬಂದದ್ದಲ್ಲ. ಅರೇಯ (ಪಟ್ಟಿಯ) ಪ್ರತಿ ಅಂಶದ ಮೇಲೂ ಒಂದು ಫಂಕ್ಷನ್ ಓಡಿಸುವ ‘ಮ್ಯಾಪ್’ ನಮ್ಮ ಫಂಕ್ಷನ್‌ಗೆ ಮೂರು ಆರ್ಗ್ಯುಮೆಂಟ್ ಕೊಡುತ್ತದೆ: ಅಂಶ, ಅದರ ಸ್ಥಾನ, ಇಡೀ ಅರೇ. ನಾವು ಒಂದನ್ನೇ ತೆಗೆದುಕೊಂಡು ಉಳಿದದ್ದು ಬಿಡುತ್ತೇವೆ. ಆರಾಮ. ಆದರೆ ‘10’ ಎಂಬ ಮೂರು ಸ್ಟ್ರಿಂಗ್‌ಗಳ ಅರೇ ಮೇಲೆ ಮ್ಯಾಪ್‌ಗೆ ನೇರವಾಗಿ ‘ಪಾರ್ಸ್‌ಇಂಟ್’ (ಸ್ಟ್ರಿಂಗನ್ನು ಪೂರ್ಣಾಂಕ ಮಾಡುವ ಫಂಕ್ಷನ್) ಕೊಟ್ಟು ನೋಡಿ. ಬರುವುದು 10, ನ್ಯಾನ್, 2! ಪಾರ್ಸ್‌ಇಂಟ್‌ನ ಎರಡನೇ ಆರ್ಗ್ಯುಮೆಂಟ್ ಸಂಖ್ಯೆಯ ಆಧಾರ. ಅಲ್ಲಿಗೆ ಸ್ಥಾನ ಹೋಗಿ ಕೂತಿತು. 0 ಕೊಟ್ಟರೆ ದಶಮಾನ ಎಂದುಕೊಳ್ಳುತ್ತದೆ, 1 ಎಂಬ ಆಧಾರ ನಡೆಯುವುದಿಲ್ಲ, 2 ಎಂದರೆ ಬೈನರಿ.

ಸಡಿಲವಾಗಿ ಶುರು ಮಾಡಿದ ಭಾಷೆಯನ್ನು ಆಮೇಲೆ ಬಿಗಿ ಮಾಡುವುದು ಎಷ್ಟು ಕಷ್ಟ ಗೊತ್ತೇ? ಸಿ ಭಾಷೆಯನ್ನೇ ನೋಡಿ. ಮೊದಮೊದಲು ಆರ್ಗ್ಯುಮೆಂಟ್ ಎಣಿಸುವ ಕೆಲಸ ಕಂಪೈಲರ್‌ದಲ್ಲ, ‘ಲಿಂಟ್’ ಎಂಬ ಬೇರೆ ಟೂಲ್‌ನದು. 1989ರ ಸ್ಟ್ಯಾಂಡರ್ಡ್‌ನಲ್ಲಿ ಫಂಕ್ಷನ್‌ಗೆ ಯಾವ ಆರ್ಗ್ಯುಮೆಂಟ್, ಎಷ್ಟು ಎಂದು ಮೊದಲೇ ಸಾರುವ ಪ್ರೊಟೊಟೈಪ್ ಬಂತು. ಘೋಷಿಸದ ಫಂಕ್ಷನ್ ಕರೆಯುವ ಅವಕಾಶವನ್ನು 1999ರ ಸ್ಟ್ಯಾಂಡರ್ಡ್ ತೆಗೆದುಹಾಕಿತು. ಆದರೂ ಜಿಸಿಸಿ ಎಂಬ ಸಿ ಕಂಪೈಲರ್ ಬರೀ ವಾರ್ನಿಂಗ್ ಕೊಡುತ್ತಲೇ ಇತ್ತು. ಅದನ್ನು ಎರರ್ ಮಾಡಿದ್ದು 2024ರ ಜಿಸಿಸಿ 14ರಲ್ಲಿ. ಬಿಗಿ ಮಾಡಿದರೆ ಹಳೆಯ ಕೋಡ್ ಬಿಲ್ಡ್ ಆಗುವುದಿಲ್ಲ, ಬೈಗುಳ ಕಂಪೈಲರ್‌ಗೇ!

ಬಿಗಿಗೂ ಮಿತಿ ಇದೆ. ಮೆಮೊರಿಗೆ ಒಂದೇ ಬೆಲೆ ತುಂಬುವ ಸಿಯ ‘ಮೆಮ್‌ಸೆಟ್’ಗೆ ತುಂಬಬೇಕಾದ ಬೆಲೆ ಮೊದಲು, ಬೈಟ್‌ಗಳ ಎಣಿಕೆ ಆಮೇಲೆ. ಸೊನ್ನೆ ತುಂಬಲು ಹೋಗಿ ಇವೆರಡನ್ನು ಅದಲುಬದಲು ಮಾಡಿದರೆ ‘ಸೊನ್ನೆ ಬೈಟ್ ತುಂಬು’ ಎಂದಂತೆ. ಏನೂ ಆಗುವುದಿಲ್ಲ. ಎರಡೂ ಸಂಖ್ಯೆಗಳೇ, ಟೈಪ್ (ಸಂಖ್ಯೆಯೋ ಸ್ಟ್ರಿಂಗೋ ಎಂಬ ಬಗೆ) ಚೆಕ್‌ಗೆ ಅನುಮಾನವೇ ಬರುವುದಿಲ್ಲ. ಇಂಥಲ್ಲಿ ಹೆಸರು ಕೇಳುವ ಭಾಷೆಯೇ ವಾಸಿ. ಸ್ವಿಫ್ಟ್ ಸಾಮಾನ್ಯವಾಗಿ ಆರ್ಗ್ಯುಮೆಂಟ್ ಹೆಸರು ಬರೆಸಿಯೇ ಬಿಡುತ್ತದೆ. ಪೈಥಾನ್‌ನಲ್ಲಿ ಪ್ಯಾರಾಮೀಟರ್‌ಗಳ ನಡುವೆ ಒಂದು ನಕ್ಷತ್ರ ಹಾಕಿದರೆ ಅದರ ಮುಂದಿನವನ್ನು ಹೆಸರು ಹೇಳಿಯೇ ಕೊಡಬೇಕು.

ನನ್ನನ್ನು ಕೇಳಿದರೆ ಎಣಿಕೆಯ ತಪ್ಪಿಗೆ ರಿಯಾಯಿತಿ ಬೇಡ, ಯಾವ ಭಾಷೆಗೂ. ಟೈಪ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಸಡಿಲ. ಇವತ್ತು ಬರೆದು ನಾಳೆ ಬಿಸಾಡುವ 20 ಸಾಲಿನ ಸ್ಕ್ರಿಪ್ಟ್‌ಗೆ ಯಾಕೆ ಅಷ್ಟೆಲ್ಲ? ನಾಲ್ಕು ಜನ ಮುಟ್ಟುವ ಬಿಲ್ಲಿಂಗ್ ಕೋಡ್‌ಗೆ ಬೇಕೇ ಬೇಕು.

ನಿಮಗೆ ಟೈಪ್‌ಸ್ಕ್ರಿಪ್ಟ್ (ಟೈಪ್ ಚೆಕ್ ಇರುವ ಜಾವಾಸ್ಕ್ರಿಪ್ಟ್) ಸಾಕು. ಕೋಡ್ ಪೂರ್ತಿ ಬದಲಿಸಲು ಆಗದಿದ್ದರೆ ಜಾವಾಸ್ಕ್ರಿಪ್ಟ್ ಫೈಲಿನ ಮೇಲೆ ‘ಟಿಎಸ್-ಚೆಕ್’ ಕಾಮೆಂಟ್ ಹಾಕಿ. ಆದರೆ ಬರೀ ಅಷ್ಟಕ್ಕೇ ನಿಮ್ಮ ತಪ್ಪು ಸಿಗುವುದಿಲ್ಲ. ಅಂಥ ಫೈಲಿನಲ್ಲಿ ಪ್ಯಾರಾಮೀಟರ್‌ಗಳನ್ನೆಲ್ಲ ಅದು ಐಚ್ಛಿಕ ಎಂದೇ ನೋಡುತ್ತದೆ. ಫಂಕ್ಷನ್ ಮೇಲೆ ಜೆಎಸ್‌ಡಾಕ್ ಎಂಬ ಬಗೆಯ ಕಾಮೆಂಟಿನಲ್ಲಿ ಟೈಪ್ ಬರೆದರೆ ಮಾತ್ರ ‘ಮೂರನೆಯದು ಎಲ್ಲಿ?’ ಎಂದು ಕೇಳುತ್ತದೆ. ಅಂದಹಾಗೆ, ಮೇಲೆ ಹೇಳಿದ ಪಾರ್ಸ್‌ಇಂಟ್ ಎಡವಟ್ಟನ್ನು ಟೈಪ್‌ಸ್ಕ್ರಿಪ್ಟ್ ಕೂಡ ಹಿಡಿಯುವುದಿಲ್ಲ. ಸ್ಥಾನವೂ ಸಂಖ್ಯೆ, ಆಧಾರವೂ ಸಂಖ್ಯೆ.