ಜೆಲ್ ಬ್ಯಾಟರಿ ಪೂರ್ತಿ ಖಾಲಿಯಾಗುವವರೆಗೆ ಕಾಯಬೇಡಿ

ತಾಯಿಯವರ ವಿದ್ಯುತ್ ಗಾಲಿಕುರ್ಚಿಯನ್ನು ಬ್ಯಾಟರಿ ಪೂರ್ತಿ ಇಳಿದ ಮೇಲೆಯೇ ಚಾರ್ಜಿಗೆ ಹಾಕಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮದು ಜೆಲ್ ಬ್ಯಾಟರಿ, ಅಂದರೆ ಸೀಸ ಮತ್ತು ಆಮ್ಲದ ಜಾತಿ. ಖಾಲಿಯಾಗಿ ಕುಳಿತಷ್ಟು ದಿನ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತಾ ಹೋಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಕಸುವು ಮರಳುವುದಿಲ್ಲ. ನನ್ನ ಕುರ್ಚಿಯ ಮೊದಲ ಜೋಡಿ ಬ್ಯಾಟರಿ ಹೋದದ್ದು ಹೀಗೆಯೇ. ಎರಡು ತಿಂಗಳು ಮೂಲೆಯಲ್ಲಿದ್ದ ಕುರ್ಚಿ, ಆಮೇಲೆ ಬೀದಿಯ ತಿರುವು ದಾಟುವಷ್ಟರಲ್ಲಿ ಕೆಂಪು ದೀಪ ತೋರಿಸುತ್ತಿತ್ತು.

ಓಡಾಡಿದ ದಿನ ರಾತ್ರಿ ತಪ್ಪದೆ ಚಾರ್ಜಿಗೆ ಹಾಕಿ, ಹಸಿರು ದೀಪ ಬರುವವರೆಗೆ ಬಿಡಿ. 8ರಿಂದ 12 ಗಂಟೆ ಹಿಡಿದರೆ ಗಾಬರಿಯಾಗಬೇಡಿ. ಕುರ್ಚಿಯ ಸ್ವಿಚ್ ಆಫ್ ಇರಲಿ, ಗಾಳಿಯಾಡುವ ಜಾಗವಿರಲಿ, ಚಾರ್ಜರ್ ಮೇಲೆ ಹೊದಿಕೆ ಬೀಳದಿರಲಿ. ಕುರ್ಚಿಯೊಂದಿಗೆ ಬಂದ ಚಾರ್ಜರ್ ಬಿಟ್ಟು ಕಾರಿನದನ್ನು ಹಾಕಲೇಬೇಡಿ. ಪ್ಲಗ್ಗಿನ ಸುತ್ತ ಕಂದು ಕಲೆ ಕಂಡರೆ, ಸುಟ್ಟ ವಾಸನೆ ಬಂದರೆ, ಬ್ಯಾಟರಿಯ ಪಕ್ಕ ಉಬ್ಬಿದ್ದರೆ ಅಂದೇ ನಿಲ್ಲಿಸಿ, ಸೇವಾ ಕೇಂದ್ರದವರನ್ನು ಕರೆಸಿ.

ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಆಗಿರುತ್ತದೆ. ಒಂದು ಕೆಟ್ಟರೂ ಎರಡನ್ನೂ ಒಟ್ಟಿಗೇ ಬದಲಿಸಿ; ದುರ್ಬಲವಾದದ್ದು ಹೊಸದನ್ನೂ ಹಾಳುಮಾಡುತ್ತದೆ.